ಲಾಭದ ಸಾಲಿನ ಕೆಳಗೆ

ಮಂಡ್ಯದ ಒಂದು ಬ್ಯಾಂಕ್ ಶಾಖೆಯಲ್ಲಿ ಹದಿನೆಂಟು ವರ್ಷ ಸಾಲದ ಫೈಲು ನೋಡಿದವಳು ನಾನು. ದೊಡ್ಡ ಬ್ಯಾಂಕುಗಳ ಮೂರು ತಿಂಗಳ ವರದಿ ಬಂದರೆ ಈಗಲೂ ಪ್ರಿಂಟ್ ತೆಗೆಸಿ, ಪೆನ್ಸಿಲ್ ಹಿಡಿದು ಕೂರುತ್ತೇನೆ.

ಮೊನ್ನೆ ತಂಗಿ ಮಗ ಬಂದಿದ್ದ. "ಲಾಭ ಎಷ್ಟು ಅಂತ ನೋಡಿದ್ರೆ ಸಾಕಲ್ವಾ ದೊಡ್ಡಮ್ಮ?" ಅಂದ. ಸಾಕಾಗಲ್ಲ ಕಣೋ ಅಂತ ಕ್ರೆಡಿಟ್ ಸ್ವಿಸ್ ಕಥೆ ಹೇಳಿದೆ.

1856ರಲ್ಲಿ ಶುರುವಾದ ಸ್ವಿಟ್ಜರ್ಲೆಂಡಿನ ಬ್ಯಾಂಕು ಅದು. 2021ರಲ್ಲಿ ಆರ್ಕೆಗಾಸ್ ಎಂಬ ಹೂಡಿಕೆ ಸಂಸ್ಥೆ, ಅಂದರೆ ಒಂದೇ ಗಿರಾಕಿ, ಮುಳುಗಿದ್ದಕ್ಕೆ ಸುಮಾರು 550 ಕೋಟಿ ಡಾಲರ್ ಕಳೆದುಕೊಂಡಿತು. ಆ ಗಿರಾಕಿ ಸಾಲದ ಬಲದಲ್ಲಿ ಬೆರಳೆಣಿಕೆಯ ಷೇರುಗಳ ಮೇಲೆ ಪಣ ಕಟ್ಟಿತ್ತು. ನಮ್ಮ ಕಡೆ ಒಂದೇ ಆಲೆಮನೆಗೆ ಮಿತಿ ಮೀರಿ ಸಾಲ ಕೊಟ್ಟ ಹಾಗೆ. ಬೆಲ್ಲದ ರೇಟು ಬಿದ್ದರೆ ಕೊಟ್ಟವರಿಗೂ ಪೆಟ್ಟು.

2022ರ ಕೊನೆಯ ಮೂರು ತಿಂಗಳ ವರದಿ ಇನ್ನೂ ನನ್ನ ಹತ್ತಿರ ಇದೆ. ಬಂಡವಾಳದ ಅನುಪಾತ, ಅಂದರೆ ಅಪಾಯವಿರುವ ಸಾಲ-ಹೂಡಿಕೆಗೆ ಹೋಲಿಸಿದರೆ ಬ್ಯಾಂಕಿನ ಸ್ವಂತ ದುಡ್ಡು, 14.1%. ನೋಡೋಕೆ ಗಟ್ಟಿ. ಆದರೆ ಅದೇ ಮೂರು ತಿಂಗಳಲ್ಲಿ ಗಿರಾಕಿಗಳು ವಾಪಸ್ ತೆಗೆದ ಹಣ 11,000 ಕೋಟಿ ಸ್ವಿಸ್ ಫ್ರಾಂಕ್‌ಗೂ ಜಾಸ್ತಿ! ಆ ಅಂಕಿಯ ಸುತ್ತ ಎರಡು ಸಲ ಗೆರೆ ಎಳೆದಿದ್ದೇನೆ, ಕಾಗದ ಹರಿಯುವಷ್ಟು ಒತ್ತಿ. ಬಂಡವಾಳವು ನಷ್ಟವನ್ನು ತಾಳಿಕೊಳ್ಳುತ್ತದೆ. ನಂಬಿಕೆ ಹೋದಮೇಲೆ ದುಡ್ಡು ವಾಪಸ್ ಕೇಳುವವರನ್ನು ತಡೆಯುವುದಿಲ್ಲ.

2023ರ ಮಾರ್ಚ್‌ನಲ್ಲಿ ಯುಬಿಎಸ್ ಎಂಬ ಇನ್ನೊಂದು ಸ್ವಿಸ್ ಬ್ಯಾಂಕು ಅದನ್ನು ಸುಮಾರು 300 ಕೋಟಿ ಫ್ರಾಂಕ್‌ಗೆ ಕೊಳ್ಳಲು ಒಪ್ಪಿತು. ಸುಮಾರು 1,600 ಕೋಟಿ ಫ್ರಾಂಕ್ ಬೆಲೆಯ ಎಟಿ1 ಬಾಂಡುಗಳು, ಅಂದರೆ ಬ್ಯಾಂಕು ಸಂಕಟಕ್ಕೆ ಬಿದ್ದರೆ ಅಸಲೇ ಹೋಗಬಹುದಾದ ಸಾಲಪತ್ರಗಳು, ಸೊನ್ನೆಯಾದವು. ಬಾಂಡ್ ಇಟ್ಟುಕೊಂಡವರನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತನ್ನ ಬ್ಯಾಂಕಿನ ವರದಿಯನ್ನು ಮೊಬೈಲಲ್ಲಿ ತೆಗೆದು, ಪೆನ್ಸಿಲ್ ಕೇಳಿದ.