ಬಳ್ಳಾರಿಗೆ ಬ್ಲಾಸ್ಟಿಂಗ್ ಕ್ಯಾಬಿನೆಟ್ ಹುಡುಕಿಕೊಂಡು

ಹಳೆಯ ಯೆಜ್ಡಿ ಬೈಕಿನ ಎಂಜಿನ್ನಿನ ಅಲ್ಯುಮಿನಿಯಂ ಕೇಸನ್ನು ವೈರ್ ಬ್ರಷ್‌ನಿಂದ ಉಜ್ಜಿದರೆ ಕೊಳೆಯ ಜೊತೆಗೆ ಎರಕದ ಮೈಯೂ ಗೀರಿಹೋಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ನೆನೆಸಿದರೆ ಲೋಹವೇ ಸವೆದು ಕಪ್ಪಾಗುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೆ ಅಸಲಿ ಕೇಸ್ ಸಿಗುವುದು ದುರ್ಲಭವಾಗಿದೆ. ಕೈಯಲ್ಲಿರುವುದನ್ನೇ ಜೋಪಾನ ಮಾಡಿಕೊಳ್ಳಬೇಕು. ಆದ್ದರಿಂದ ರಾಯಚೂರಿನ ನಮ್ಮ ಮನೆಯ ಹಿತ್ತಲಿನ ಷೆಡ್ಡಿಗೆ ಒಂದು ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್ ತರಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಕೈಗವಸಿನೊಳಗೆ ಕೈ ತೂರಿಸಿ, ಒತ್ತಿದ ಗಾಳಿಯ ಗನ್ನಿನಿಂದ ಮರಳು ಅಥವಾ ಗಾಜಿನ ಸಣ್ಣ ಮಣಿಗಳನ್ನು ಹೊಡೆದು ಲೋಹದ ಕೊಳೆ, ತುಕ್ಕು ತೆಗೆಯುವ ಮುಚ್ಚಿದ ಪೆಟ್ಟಿಗೆ ಅದು. ಆನ್‌ಲೈನಿನಲ್ಲಿ ಚಿತ್ರ ನೋಡಿ ತರಿಸುವ ವಸ್ತು ಇದಲ್ಲ. ಗಾಳಿ ಹಾಯಿಸಿ, ಕೈ ತೂರಿಸಿ ನೋಡಿಯೇ ಕೊಳ್ಳಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳು, ಸುತ್ತಲಿನ ಸ್ಪಾಂಜ್ ಐರನ್ ಘಟಕಗಳು ಇವೆಲ್ಲವುಗಳ ಯಂತ್ರ ರಿಪೇರಿ, ಫ್ಯಾಬ್ರಿಕೇಶನ್ ಕೆಲಸಗಳನ್ನು ನೆಚ್ಚಿಕೊಂಡ ಷೆಡ್ಡುಗಳು ಬಳ್ಳಾರಿಯಲ್ಲಿ ಇರುವುದರಿಂದ ಅಲ್ಲಿಗೇ ಹೊರಟೆ.

ಮಾನ್ವಿ, ಸಿಂಧನೂರು, ಸಿರುಗುಪ್ಪ ಹಾದಿಯ ಬಸ್ಸು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಬೇಸಿಗೆ ಬೆಳೆಯ ಭತ್ತ ಇನ್ನೂ ಹಸಿರಾಗಿತ್ತು. ಸಿಂಧನೂರು ದಾಟಿದ ಮೇಲೆ ನದಿಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೆಳಗೆ ನೀರಿಗಿಂತ ಮರಳೇ ಹೆಚ್ಚಾಗಿ ಕಾಣುತ್ತಿತ್ತು. ಬಳ್ಳಾರಿಯಲ್ಲಿಳಿದು ಒಗ್ಗಾಣಿ ಮಿರ್ಚಿ ತಿಂದು ಕೆಲಸಕ್ಕೆ ತೊಡಗಿದೆ. ಕೋಟೆಯ ಗುಡ್ಡ ಹತ್ತುವ ಆಸೆಯೇನೋ ಇತ್ತು, ಬಿಸಿಲು ಬಿಡಲಿಲ್ಲ.

ಪೇಟೆಯ ಅಂಗಡಿಗಳಲ್ಲಿ ಕಳೆದ ಹೊತ್ತಿನ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. ಆದರೂ ಒಂದು ಅಂಗಡಿಯ ವಿಷಯ ಹೇಳಲೇಬೇಕು. ಅಲ್ಲಿ ಆಳೆತ್ತರದ, ನೀಲಿ ಪೌಡರ್ ಕೋಟಿಂಗ್ ಮಾಡಿದ, ಒಳಗೆ ಎಲ್‌ಇಡಿ ಪಟ್ಟಿ, ಹೊರಗೆ ಅಂಕಿ ತೋರಿಸುವ ಗೇಜು ಇದ್ದ ಕ್ಯಾಬಿನೆಟ್ ಒಂದನ್ನು ಚಾಲೂ ಮಾಡಿ ತೋರಿಸಿದರು. ತುಕ್ಕು ಹಿಡಿದ ಬೋಲ್ಟ್ ನಿಮಿಷದೊಳಗೆ ಬೆಳ್ಳಗಾಯಿತು. ಗಾಳಿ ಎಲ್ಲಿಂದ ಬರುತ್ತಿದೆಯೆಂದು ಹೋಸ್‌ನ ಜಾಡು ಹಿಡಿದು ಹಿಂದೆ ಹೋಗಿ ನೋಡಿದರೆ, ಗೋಡೆಯಾಚೆ ಕಾರ್ಖಾನೆಗಳಿಗೆ ಮಾರುವ ದೊಡ್ಡ ಸ್ಕ್ರೂ ಕಂಪ್ರೆಸರ್ ಓಡುತ್ತಿತ್ತು. ಮನೆಯ ಕಂಪ್ರೆಸರಿನಲ್ಲಿಯೂ ಇದೇ ವೇಗ ಸಿಗುತ್ತದೆಯೇ ಎಂದು ಮೊದಲೇ ನಾನು ಕೇಳಿದ್ದಾಗ, ಮಾರಾಟಗಾರರು ಯಾವ ಸಂಕೋಚವೂ ಇಲ್ಲದೆ ಹೌದು ಎಂದಿದ್ದರು. ಅದು ನನಗೆ ಇಂದಿಗೂ ಸಹಿಸಲಾಗದ ಮಾತು. ಮನೆಗೆ ಕ್ಯಾಬಿನೆಟ್ ಕೊಳ್ಳುವವರು ತಮ್ಮ ಕಂಪ್ರೆಸರಿನಷ್ಟೇ ಶಕ್ತಿಯ ಕಂಪ್ರೆಸರಿಗೆ ಜೋಡಿಸಿ ತೋರಿಸಿ ಎಂದು ಪಟ್ಟು ಹಿಡಿಯಬೇಕು. ಒಪ್ಪದಿದ್ದರೆ ಆ ಅಂಗಡಿಯಿಂದ ಎದ್ದು ಬರಬೇಕು.

ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ಪೇಂಟಿಂಗ್ ಕೆಲಸದ ಜೊತೆಗೆ ಕ್ಯಾಬಿನೆಟ್‌ಗಳನ್ನೂ ತಾವೇ ತಯಾರಿಸುವ ಒಂದು ಷೆಡ್ಡಿದೆಯೆಂದು ಆಟೋದವರೊಬ್ಬರು ಕರೆದೊಯ್ದರು. ಮಾಲೀಕರು ಊರಲ್ಲಿರಲಿಲ್ಲ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ವಯಸ್ಸಾದವರೊಬ್ಬರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು. ನಾಲ್ಕು ಮಾತಾಡಿದರೆ ಒಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದರು. ಈ ಪ್ರವಾಸದ ಬಗ್ಗೆ ಬರೆಯಲು ಕುಳಿತದ್ದೇ ಅವರ ಸಲುವಾಗಿ.

“ಎಷ್ಟು ಎಚ್‌ಪಿ ಕಂಪ್ರೆಸರ್ ಐತೆ ತಮ್ಮಾ ನಿನ್ಹತ್ರ? ಮೊದ್ಲು ಅದನ್ನ ಹೇಳು. ಪೆಟ್ಟಿಗಿ ಸುದ್ದಿ ಆಮ್ಯಾಲೆ.”

“ಮೂರು ಎಚ್‌ಪಿ ಕಾಕಾ, ಸಿಂಗಲ್ ಫೇಸು. ಪ್ಲೇಟಿನ ಮ್ಯಾಲೆ ಹನ್ನೆರಡು ಸಿಎಫ್‌ಎಂ ಅಂತ ಬರದಾರ.” ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕವೇ ಸಿಎಫ್‌ಎಂ.

“ಅದು ಪಿಸ್ಟನ್ ಒಳಗ ಎಳಕೊಳ್ಳೋ ಲೆಕ್ಕ. ಹೊರಗ ಬರೋದು ಎಂಟೋ ಒಂಬತ್ತೋ. ನಿನಗ ಸಿಗೋದು ಅಷ್ಟ ಗಾಳಿ ಅಂತ ತಿಳಕೊಂಡು ಗನ್ನು ಆರಿಸು.”

ಗನ್ನನ್ನು ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ಹಿಂಬದಿಯಲ್ಲಿ ಗಾಳಿ ಹೊರಡುವ ಸಣ್ಣ ಜೆಟ್, ಮುಂದೆ ಅದರ ಹೆಚ್ಚುಕಡಿಮೆ ಎರಡರಷ್ಟು ರಂಧ್ರವಿರುವ ನಾಝಲ್, ನಡುವೆ ಕೆಳಗಿನಿಂದ ಬಂದು ಸೇರುವ ಮಣಿಗಳ ಕೊಳವೆ. ಜೆಟ್‌ನಿಂದ ರಭಸವಾಗಿ ನುಗ್ಗುವ ಗಾಳಿ ನಡುವಿನ ಜಾಗದಲ್ಲಿ ಒತ್ತಡವನ್ನು ತಗ್ಗಿಸಿ, ತೊಟ್ಟಿಯ ತಳದಲ್ಲಿರುವ ಮಣಿಗಳನ್ನು ಮೇಲಕ್ಕೆ ಹೀರುತ್ತದೆ. ಇದು ಸಕ್ಷನ್ ಗನ್. ಇನ್ನೊಂದು ಬಗೆಯಲ್ಲಿ ಮಣಿಗಳನ್ನೇ ಒತ್ತಡದ ಸಿಲಿಂಡರಿನಲ್ಲಿ ತುಂಬಿ ಹೊಡೆಯುತ್ತಾರೆ; ಅದು ಹಲವು ಪಟ್ಟು ವೇಗವಾಗಿ ಕೆಲಸ ಮಾಡುತ್ತದೆ, ಗಾಳಿಯನ್ನೂ ಹಾಗೆಯೇ ತಿನ್ನುತ್ತದೆ. ರಂಧ್ರದ ವ್ಯಾಸ ಎರಡರಷ್ಟಾದರೆ ಬೇಕಾಗುವ ಗಾಳಿ ನಾಲ್ಕರಷ್ಟಾಗುತ್ತದೆ. ಒತ್ತಡದ ಬಗೆಯಲ್ಲಿ 100 ಪಿಎಸ್‌ಐಗೆ (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ) ಕಾಲಂಗುಲದ ನಾಝಲ್ ಸುಮಾರು 80 ಸಿಎಫ್‌ಎಂ ಕೇಳಿದರೆ, ಅದರ ಅರ್ಧ ವ್ಯಾಸದ್ದು ಸುಮಾರು 20 ಸಿಎಫ್‌ಎಂ ಕೇಳುತ್ತದೆ. ನನ್ನ ಕಂಪ್ರೆಸರಿಗೆ ಆ ಇಪ್ಪತ್ತೂ ದಕ್ಕುವಂಥದ್ದಲ್ಲ. ಸುಮಾರು 2.4 ಮಿ.ಮೀ. ಜೆಟ್ ಇರುವ ಸಕ್ಷನ್ ಗನ್ನನ್ನು 60 ಪಿಎಸ್‌ಐ ಆಸುಪಾಸಿನಲ್ಲಿ ನಡೆಸಿದರೆ, ನಡುನಡುವೆ ಟ್ಯಾಂಕ್ ತುಂಬಲು ಬಿಡುವು ಕೊಟ್ಟು, ಕಾರ್ಬ್ಯುರೇಟರ್, ಬ್ರೇಕ್ ಪ್ಲೇಟ್, ಎಂಜಿನ್ ಕೇಸ್‌ಗಳಂಥ ಕೆಲಸ ಮಾಡಬಹುದೆಂದು ಅವರ ತೀರ್ಮಾನ. ಅಲ್ಯುಮಿನಿಯಂಗೆ ಅದಕ್ಕಿಂತ ಹೆಚ್ಚಿನ ಒತ್ತಡ ಬೇಕಾಗಿಯೂ ಇಲ್ಲ.

ಬೇಸಿಗೆಯಲ್ಲಿ ಎಲ್ಲ ಗನ್ನುಗಳೂ ಚೆನ್ನಾಗಿಯೇ ನಡೆಯುತ್ತವೆ, ಮಳೆಗಾಲದಲ್ಲಿ ನೋಡು ಎಂದು ಎಚ್ಚರಿಸಿದರು. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಬಿಸಿಯಾಗಿ, ಆಮೇಲೆ ತಣ್ಣಗಾಗುವಾಗ ಅದರಲ್ಲಿನ ತೇವ ನೀರಾಗಿ ಇಳಿಯುತ್ತದೆ. ಆ ನೀರು ಗನ್ನಿಗೆ ತಲುಪಿದರೆ ಮಣಿಗಳು ಒದ್ದೆ ಸಕ್ಕರೆಯಂತೆ ಅಂಟಿಕೊಂಡು ಕೊಳವೆ ಕಟ್ಟುತ್ತದೆ. ವಾಟರ್ ಸೆಪರೇಟರನ್ನು ಕಂಪ್ರೆಸರಿನ ಮೈಗೇ ಕೂರಿಸಿದರೆ ಗಾಳಿ ಇನ್ನೂ ಬಿಸಿಯಾಗಿರುವುದರಿಂದ ನೀರು ಅದನ್ನು ದಾಟಿ ಹೋಗುತ್ತದೆ. ನಡುವೆ ಉದ್ದವಾದ ಪೈಪ್ ಓಡಿಸಿ, ಗಾಳಿ ತಣ್ಣಗಾದ ಮೇಲೆ ಕ್ಯಾಬಿನೆಟ್‌ನ ಪಕ್ಕದಲ್ಲಿ ಕೂರಿಸಬೇಕು.

ಅಷ್ಟು ಹೇಳಿ ಎದ್ದು, ಷೆಡ್ಡಿನೊಳಗೆ ಸಾಲಾಗಿ ನಿಂತಿದ್ದ ಕ್ಯಾಬಿನೆಟ್‌ಗಳ ಬಳಿಗೆ ಕರೆದೊಯ್ದರು. ಹುಡುಗನೊಬ್ಬನಿಗೆ ಶಟರ್ ಎಳೆಯಲು ಹೇಳಿ, ಕತ್ತಲಾದ ಮೇಲೆ ಒಂದು ಕ್ಯಾಬಿನೆಟ್‌ನೊಳಗೆ ಟಾರ್ಚ್ ಹೊತ್ತಿಸಿಟ್ಟು ಬಾಗಿಲು ಮುಚ್ಚಿದರು. ಬಾಗಿಲಿನ ಕೆಳಗಿನ ಮೂಲೆಯಲ್ಲಿ, ರಬ್ಬರ್ ಬೀಡಿಂಗ್ ತಿರುಗುವ ಕಡೆ, ಕೂದಲೆಳೆಯಷ್ಟು ಬೆಳಕು ಹೊರಗೆ ಕಂಡಿತು. ತೊಟ್ಟಿಯ ವೆಲ್ಡಿಂಗ್ ಕೂಡುವಲ್ಲಿ ಇನ್ನೊಂದು ಚುಕ್ಕೆ. “ಬೆಳಕು ಬಂದ ಕಡೆ ಧೂಳೂ ಬರ್ತೈತಿ,” ಎಂದು ಅಲ್ಲಲ್ಲಿ ಸೀಮೆಸುಣ್ಣದ ಗುರುತು ಹಾಕಿದರು. ಶಟರ್ ಎತ್ತಿಸಿ, ಒಳಗಿನ ಧೂಳನ್ನು ಎಳೆದುಕೊಳ್ಳುವ ಡಸ್ಟ್ ಕಲೆಕ್ಟರ್ ಚಾಲೂ ಮಾಡಿ, ಗಣಪತಿಯ ಪಟದ ಮುಂದಿನ ಕಟ್ಟಿನಿಂದ ಒಂದು ಊದುಬತ್ತಿ ತೆಗೆದು ಹಚ್ಚಿದರು. ಗಾಳಿ ಒಳಹೋಗುವ ಕಿಂಡಿಯ ಬಳಿ ಅದನ್ನು ಹಿಡಿದಾಗ ಹೊಗೆ ನೇರವಾಗಿ ಒಳಗೆ ಎಳೆದುಕೊಂಡಿತು. ಆಮೇಲೆ ಕೈಗವಸು ಕೂಡುವ ಬಳೆಗಳ ಸುತ್ತ, ಬಾಗಿಲಿನ ಅಂಚಿನ ಸುತ್ತ ಊದುಬತ್ತಿಯನ್ನು ನಿಧಾನವಾಗಿ ನಡೆಸಿದರು. ಎಲ್ಲಿಯೂ ಹೊಗೆ ಹೊರಗೆ ತಳ್ಳಿಸಿಕೊಳ್ಳಲಿಲ್ಲ. ಇನ್ನೊಂದು ಕ್ಯಾಬಿನೆಟ್‌ಗೆ ಮನೆಯ ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದ್ದರು. ಅಲ್ಲಿ ಗನ್ ಒತ್ತಿದ ಕ್ಷಣವೇ ಬಳೆಯ ಹತ್ತಿರ ಹೊಗೆ ಹೊರಕ್ಕೆ ಬಾಗಿತು. ಗನ್ನಿನಿಂದ ಒಳಗೆ ತುಂಬುವ ಗಾಳಿಗಿಂತ ಕಲೆಕ್ಟರ್ ಹೊರಗೆ ಎಳೆಯುವ ಗಾಳಿ ಯಾವಾಗಲೂ ಹೆಚ್ಚಾಗಿರಬೇಕು, ಆಗ ಮಾತ್ರ ಸೋರಿಕೆ ಇದ್ದರೂ ಅದು ಒಳಮುಖವಾಗಿರುತ್ತದೆ ಎಂಬುದನ್ನು ಒಂದು ಊದುಬತ್ತಿಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣಬಹುದೆಂದು ನಾನು ಎಣಿಸಿರಲಿಲ್ಲ.

ಈ ಬಗ್ಗೆ ಇಷ್ಟೊಂದು ಕಾಳಜಿ ಏಕೆಂದು ಕೇಳಬೇಕಾಗಿಯೇ ಬರಲಿಲ್ಲ. ತಾವೇ ಹೇಳಿದರು. ಹರೆಯದಲ್ಲಿ ಟ್ಯಾಂಕು, ಪೈಪುಗಳಿಗೆ ಬಯಲಲ್ಲಿ ಬ್ಲಾಸ್ಟಿಂಗ್ ಮಾಡುವ ಗುತ್ತಿಗೆ ತಂಡದಲ್ಲಿದ್ದರಂತೆ. ಹೊಳೆಯ ಮರಳನ್ನು ತಾಡಪಾಲಿನ ಮೇಲೆ ಒಣಗಿಸಿ, ಜರಡಿ ಹಿಡಿದು, ಅದನ್ನೇ ಹೊಡೆಯುತ್ತಿದ್ದರು.

“ಮುಖಕ್ಕ ಏನು ಕಟ್ಟಿಕೊಳ್ತಿದ್ರಿ ಕಾಕಾ?”

“ಟವೆಲ್ಲು. ಒದ್ದಿ ಮಾಡಿ ಕಟ್ಟಿಕೊಂಡ್ರ ಸಾಕು ಅಂತಿದ್ರು. ಸಂಜಿಕ ಉಗುಳಿದ್ರ ಕೆಸರು. ಅದು ಹೊರಗ ಬಂತಲ್ಲ, ಚಲೋ ಆತು ಅಂತ ತಿಳಕೊಂಡಿದ್ವಿ. ಬರಲಾರದ್ದು ಒಳಗ ಉಳೀತು ನೋಡು.”

ಜೊತೆಯಲ್ಲಿದ್ದವರು ಈಗ ಎಲ್ಲಿದ್ದಾರೆಂದು ಕೇಳಿದೆ. ಬೆರಳು ಮಡಚುತ್ತ ಒಬ್ಬೊಬ್ಬರ ಹೆಸರು ಹೇಳಿದರು, ಒಂದೊಂದು ಹೆಸರಿನ ಮುಂದೆ “ಅವ ಇಲ್ಲ” ಎಂದರು. ಟಿ.ಬಿ. ಎಂದು ತಿಳಿದು ಔಷಧ ತಿಂದವರೇ ಹೆಚ್ಚಂತೆ. ಇವರಿಗೆ ಮಾತ್ರ ಎಕ್ಸ್‌ರೇ ನೋಡಿದ ವೈದ್ಯರೊಬ್ಬರು ಯಾವ ಕೆಲಸ ಮಾಡುತ್ತಿದ್ದೆಯೆಂದು ವಿಚಾರಿಸಿ, ಸಿಲಿಕೋಸಿಸ್ ಎಂದು ತಿಳಿಸಿದ್ದರು.

ಮರಳು ಬಹುಪಾಲು ಸಿಲಿಕಾ. ಲೋಹಕ್ಕೆ ಬಡಿದು ಒಡೆದಾಗ ಅದರ ಅತಿ ಸಣ್ಣ ಕಣಗಳು ಮೂಗು, ಗಂಟಲುಗಳಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಕಲೆ ಕಟ್ಟುತ್ತವೆ. ಒಮ್ಮೆ ಗಟ್ಟಿಯಾದ ಭಾಗ ಮತ್ತೆ ಮೃದುವಾಗುವುದಿಲ್ಲ. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ 1870ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದಾಗ ಹೊಡೆಯುತ್ತಿದ್ದುದು ಮರಳನ್ನೇ. ಬ್ರಿಟನ್ 1949ರ ನಿಯಮಗಳ ಮೂಲಕ ಎರಕದ ವಸ್ತುಗಳಿಗೆ ಮರಳು ಹೊಡೆಯುವುದನ್ನು ನಿಲ್ಲಿಸಿತು. ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಆದರೆ ಬಯಲಲ್ಲಿ ಕೂಲಿ ಲೆಕ್ಕದಲ್ಲಿ ದುಡಿದ ಆ ತಂಡಕ್ಕೆ ಯಾವ ಅನುಸೂಚಿಯೂ ಒದಗಿಬರಲಿಲ್ಲ. ಆ ಸಂಜೆ ಕೌಲ್ ಬಜಾರಿನ ಜೀನ್ಸ್ ಹೊಲಿಯುವ ಓಣಿಗಳಲ್ಲಿ ನಡೆಯುವಾಗ ಟರ್ಕಿಯ ಸಂಗತಿಯೂ ನೆನಪಾಯಿತು: ಅಲ್ಲಿ ಹೊಸ ಜೀನ್ಸ್ ಹಳೆಯದಾಗಿ ಕಾಣಲೆಂದು ಮರಳು ಹೊಡೆಯುತ್ತಿದ್ದ ಎಳೆಯ ವಯಸ್ಸಿನ ಕೆಲಸಗಾರರು ಇದೇ ರೋಗಕ್ಕೆ ತುತ್ತಾದ ಮೇಲೆ 2009ರಲ್ಲಿ ಅದನ್ನು ನಿಷೇಧಿಸಲಾಯಿತು.

ಮರುದಿನ ಮಾಲೀಕರು ಬಂದ ಮೇಲೆ ವ್ಯವಹಾರ ಬೇಗ ಮುಗಿಯಿತು. ಹಿರಿಯರು ಗುರುತು ಹಾಕಿದ್ದ ಎರಡೂ ಕಡೆ ಸರಿಪಡಿಸಿಕೊಡಲು ಅವರು ಒಪ್ಪಿದರು. ನಾನು ಆರಿಸಿದ್ದು ಸಾಲಿನಲ್ಲಿದ್ದವುಗಳಲ್ಲಿ ಅಂದವಾದದ್ದಲ್ಲ. ದಪ್ಪ ತಗಡು, ಮಣಿಗಳು ಮೂಲೆಯಲ್ಲಿ ನಿಲ್ಲದೆ ಜಾರುವಷ್ಟು ಕಡಿದಾದ ತೊಟ್ಟಿ, ಎಂಜಿನ್ ಕೇಸನ್ನು ಎರಡೂ ಕೈಯಲ್ಲಿ ಹಿಡಿದು ಒಳಗಿಡಬಹುದಾದ ಪಕ್ಕದ ಬಾಗಿಲು, ಕೈಯಿಂದ ಗನ್ ತಿರುಗಿಸಲು ಸಾಕಷ್ಟು ಒಳಜಾಗ ಇವನ್ನು ನೋಡಿದೆ. ಮೇಲಿನಿಂದ ತೆರೆಯುವ ಮುಚ್ಚಳದ ಮಾದರಿ ಅಗ್ಗವಾದರೂ ನನಗೆ ಹಿಡಿಸಲಿಲ್ಲ. ತೆರೆದಾಗಲೆಲ್ಲ ಮುಚ್ಚಳದ ಒಳಮೈಯ ಧೂಳು ಮುಖದೆದುರೇ ಏಳುತ್ತದೆ. ಮಣಿಗಳ ತಿಕ್ಕಾಟದಿಂದ ಹುಟ್ಟುವ ಸ್ಥಾಯೀ ವಿದ್ಯುತ್ತು ಕೈಗೆ ಹೊಡೆಯದಂತೆ ಗನ್ನಿಗೂ ಕ್ಯಾಬಿನೆಟ್‌ಗೂ ಅರ್ಥಿಂಗ್ ತಂತಿ ಹಾಕಿಸಿದೆ. ಹೊಡೆಯಲು ಗಾಜಿನ ಮಣಿ ಕೊಂಡೆ. ಅದು ಗಾಜಾದರೂ ಮರಳಿನಲ್ಲಿರುವಂತೆ ಹರಳುಗಟ್ಟಿದ ಸಿಲಿಕಾ ಅಲ್ಲ, ಲೋಹವನ್ನು ಕೊರೆಯದೆ ಬಡಿದು ನಯವಾಗಿಸುತ್ತದೆ. ಕಬ್ಬಿಣದ ಗಟ್ಟಿ ತುಕ್ಕಿಗೆ ಅದು ಸಾಲದು. ಅದಕ್ಕೆಂದು ಕಂದು ಅಲ್ಯುಮಿನಿಯಂ ಆಕ್ಸೈಡನ್ನು ಬೇರೆ ಡಬ್ಬಿಯಲ್ಲಿ ತಂದೆ. ಕಲೆಕ್ಟರ್ ಎಷ್ಟೇ ಚೆನ್ನಾಗಿದ್ದರೂ ಮಾಸ್ಕ್ ಹಾಕಿಕೊಳ್ಳದೆ ಬಾಗಿಲು ತೆರೆಯಬೇಡವೆಂದು ಹಿರಿಯರು ಹೊರಡುವಾಗಲೂ ಹೇಳಿದರು.

ಸಾಗಣೆಯಲ್ಲಿ ಆದದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಪೆಟ್ಟಿಗೆಯ ನಾಲ್ಕೂ ಬದಿಗೆ “ಗಾಜು, ನಿಲ್ಲಿಸಿಯೇ ಇಡಿ” ಎಂದು ಬರೆಸಿದ್ದರೂ ಲಾರಿ ಟ್ರಾನ್ಸ್‌ಪೋರ್ಟಿನವರು ಅದನ್ನು ಬೋರಲು ಮಲಗಿಸಿ, ಮೇಲೆ ಬೇರೆ ಸರಕು ಹೇರಿ ತಂದರು. ರಾಯಚೂರಿನಲ್ಲಿ ಇಳಿಸಿದಾಗ ನೋಡುವ ಕಿಂಡಿಯ ಗಾಜು ಒಡೆದಿತ್ತು, ಒಂದು ಕಾಲು ಬಾಗಿತ್ತು. ರಸೀದಿಯ ಹಿಂದಿನ ಸಣ್ಣ ಅಕ್ಷರಗಳನ್ನು ತೋರಿಸಿ ತಮ್ಮ ಹೊಣೆಯಲ್ಲವೆಂದರು. ಕಿಂಡಿಯ ಗಾಜು, ದೀಪ, ಕೈಗವಸು ಈ ಮೂರನ್ನೂ ಬಿಚ್ಚಿಸಿ ಜೊತೆಯಲ್ಲೇ ಒಯ್ಯಿರಿ. ಲಾರಿಗೆ ಏರಿಸುವ ಮುನ್ನ ಫೋಟೋ ತೆಗೆದಿಟ್ಟುಕೊಳ್ಳಿ. ಗಟ್ಟಿಗೊಳಿಸಿದ ಟಫನ್ಡ್ ಗಾಜನ್ನು ಆಮೇಲೆ ಅಳತೆಗೆ ಕತ್ತರಿಸಲಾಗದ ಕಾರಣ, ಸ್ಥಳೀಯ ಅಂಗಡಿಯಲ್ಲಿ ಲ್ಯಾಮಿನೇಟೆಡ್ ಗಾಜನ್ನು ಅಳತೆಗೆ ಕತ್ತರಿಸಿಕೊಂಡು, ಒಳಬದಿಗೆ ಮಸುಕಾದಾಗ ಕಿತ್ತು ಬದಲಿಸಬಹುದಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೂರಿಸಿದೆ. ಕಾಲನ್ನು ನೆರೆಯ ವೆಲ್ಡಿಂಗ್ ಅಂಗಡಿಯವರು ನೆಟ್ಟಗೆ ಮಾಡಿಕೊಟ್ಟರು.

ಆ ಮೇಲೆ ಯೆಜ್ಡಿಯ ಎಡಗಡೆಯ ಕೇಸನ್ನು ಮೊದಲು ಸೀಮೆಎಣ್ಣೆಯಲ್ಲಿ, ಅನಂತರ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದೆ. ಎಣ್ಣೆ ಜಿಡ್ಡು ಉಳಿದರೆ ಮಣಿಗಳೆಲ್ಲ ಕೆಡುತ್ತವೆ. ಬೇರಿಂಗ್ ಕೂರುವ ಜಾಗ, ಗ್ಯಾಸ್ಕೆಟ್ ಮುಖಗಳಿಗೆ ದಪ್ಪ ಟೇಪು ಸುತ್ತಿ, ಬೋಲ್ಟ್ ತೂತುಗಳಿಗೆ ರಬ್ಬರ್ ಬಿರಡೆ ಹಾಕಿ, 50 ಪಿಎಸ್‌ಐನಲ್ಲಿ ಹೊಡೆದೆ. ಕೇಸ್ ಮೂಲ ಎರಕದ ಬೂದು ಬಣ್ಣಕ್ಕೆ ಬಂದಿದೆ. ತೂತುಗಳಲ್ಲಿ ಉಳಿದ ಒಂದೊಂದು ಮಣಿಯೂ ಬೇರಿಂಗ್ ತಿನ್ನುವುದರಿಂದ ಮೂರು ಸಲ ನೀರಿನಲ್ಲಿ ತೊಳೆದು, ಪ್ರತಿ ಥ್ರೆಡ್ಡಿಗೂ ಅದನ್ನು ಶುಚಿಗೊಳಿಸುವ ಟ್ಯಾಪ್ ಎಂಬ ಉಪಕರಣ ಹಾಯಿಸಿ, ಗಾಳಿ ಊದಿ ಇಟ್ಟಿದ್ದೇನೆ. ಬಲಗಡೆಯದು ಮುಂದಿನ ವಾರಕ್ಕೆ.