ಇಳಿತ ನೋಡಿಕೊಂಡು ಹೊರಟೆವು

ಹಕ್ಕಿ ನೋಡಲು ಬೆಳಕು ಹರಿಯುವ ಮೊದಲೇ ಏಳಬೇಕು ಅನ್ನೋದು ಕಾಡಿನ ಲೆಕ್ಕ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕೇಳಬೇಕಾದ್ದು ಸಮುದ್ರವನ್ನು. ಜನವರಿಯ ಆ ಭಾನುವಾರ ಹತ್ತು ಗಂಟೆಗೆ ಇಳಿತವಿತ್ತು. ನಾನು, ಭಾವ ತಿಂಡಿ ಮುಗಿಸಿಕೊಂಡೇ ಕುಮಟಾದಿಂದ ಹೊರಟೆವು.

ನೀರು ಸರಿದು ಕೆಸರೆಲ್ಲ ಬಯಲಾಗಿತ್ತು. ಹೆಂಗಸರು ಬಗ್ಗಿ ಬಳಚು ಅನ್ನೋ ಚಿಪ್ಪುಮೀನು ಆರಿಸುತ್ತಿದ್ದರು. ಅವರಾಚೆ ಬೆಳ್ಳಕ್ಕಿ, ಗೊರವಗಳ ಹಿಂಡು. ಇಬ್ಬರ ಊಟವೂ ಅದೇ ಕೆಸರಿನಲ್ಲಿದೆ. ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಘಟ್ಟದ ಸಿಹಿನೀರು, ಮಣ್ಣು ತಡೆಯಿಲ್ಲದೆ ಇಳಿದು ಉಪ್ಪುನೀರಿಗೆ ಸೇರುತ್ತದೆ. ಚಿಪ್ಪು, ಹುಳ, ಏಡಿ ಜಾಸ್ತಿ ಇರುವುದು ಅದಕ್ಕೇ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ನನಗೆ ಹಬ್ಬವಾದಷ್ಟು ಖುಷಿಯಾಗಿತ್ತು.

ಒಂದು ಕರ್ಲ್ಯೂ ಹತ್ತಿರದಲ್ಲೇ ಸಿಕ್ಕಿತು. ಕೆಳಕ್ಕೆ ಬಾಗಿದ ಉದ್ದ ಕೊಕ್ಕು. ಅದನ್ನು ಬುಡದವರೆಗೂ ಬಿಲಕ್ಕೆ ಇಳಿಸಿ, ತಲೆ ಓರೆ ಮಾಡಿ ಏಡಿಯೊಂದನ್ನು ಎಳೆಯಿತು. ಹಾಗೇ ನುಂಗಲಿಲ್ಲ. ಹಿಡಿದು ಜಾಡಿಸಿತು. ಒಂದು ಕಾಲು ಹಾರಿತು. ಮತ್ತೆ ಜಾಡಿಸಿತು, ಇನ್ನೆರಡು. ಕಾಲೆಲ್ಲ ಉದುರಿದ ಮೇಲೆ ಮೈಯನ್ನು ಗುಳುಂ ಮಾಡಿತು. ಭಾವ ಬೈನಾಕ್ಯುಲರ್ ವಾಪಸ್ ಕೊಡಲೇ ಇಲ್ಲ.

"ಹಕ್ಕಿ ನೋಡೂಕೆ ಬಂದ್ರಾ ತಮಾ?" ಬುಟ್ಟಿ ಹೊತ್ತು ಬಂದ ಅಕ್ಕ ಕೇಳಿದರು. "ನೀರು ಏರೂಕೆ ಹಿಡಿತು. ಇನ್ನು ಎಲ್ಲಾ ಸಮುದ್ರದ ಬದಿಗೆ ಹೋಗ್ತವೆ."

ಅವರು ಹೇಳಿದ್ದು ನಿಜ. ಮಧ್ಯಾಹ್ನದ ಮೇಲೆ ತೀರಕ್ಕೆ ಹೋದರೆ, ಒಣ ಮರಳಿನ ಮೇಲೆ ಸ್ಯಾಂಡ್ ಪ್ಲವರ್‌ಗಳು ಗಾಳಿಗೆ ಮುಖ ಕೊಟ್ಟು ಕೂತಿದ್ದವು. ಮರಳಿನದೇ ಬಣ್ಣ. ಒಂದು ಅಲುಗಾಡಿದ ಮೇಲೆಯೇ ಅಲ್ಲಿ ಹಿಂಡಿದೆ ಅಂತ ಗೊತ್ತಾಗುವುದು. ಹಿಮಾಲಯದ ಆಚೆಯ ಎತ್ತರದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುವ ಪುಟ್ಟ ಹಕ್ಕಿಗಳಿವು. ಉಬ್ಬರ ಇಳಿಯುವ ತನಕ ಇವಕ್ಕೆ ಮೇವಿಲ್ಲ, ವಿಶ್ರಾಂತಿ ಮಾತ್ರ. ಆಗ ಎಬ್ಬಿಸಿದರೆ, ವಾಪಸ್ ಹಾರಲು ಮೈಯಲ್ಲಿ ಕೂಡಿಟ್ಟ ಕೊಬ್ಬು ಸುಮ್ನೆ ಖರ್ಚಾಗುತ್ತದೆ. ಫೋಟೋಗೋಸ್ಕರ ಹಿಂಡನ್ನು ಓಡಿಸುವವರನ್ನು, ತೀರದಲ್ಲಿ ಜೀಪು ಹಾರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಅಷ್ಟರಲ್ಲಿ ಮೂರು ಹುಡುಗರು ಚೆಂಡು ಒದೆಯುತ್ತಾ ನೇರ ಅತ್ತಲೇ ಬಂದರು. ಭಾವ ಕೈ ಅಡ್ಡ ಹಿಡಿದು, "ಅಲ್ಲಿ ಹಕ್ಕಿ ಮಲಗಿವೆ, ಇತ್ಲಾಗಿ ಬನ್ನಿ" ಅಂದರು. ಎಲ್ಲಿ ಎಂದು ಅವರಿಗೂ ಕಾಣಲಿಲ್ಲ. ಬೈನಾಕ್ಯುಲರ್ ಕೊಟ್ಟೆವು.

"ಅಣ್ಣಾ, ಒಂದರ ಕಾಲು ಮುರಿದಿದೆ!" ಅಂದ ಸಣ್ಣವನು.

ಮುರಿದಿಲ್ಲ, ಬೆಚ್ಚಗಿರಲಿ ಅಂತ ಪುಕ್ಕದೊಳಗೆ ಮಡಚಿಕೊಂಡಿದೆ ಎಂದೆ. ಅವನು ನಂಬಲಿಲ್ಲ. ನೋಡುತ್ತಲೇ ಇದ್ದ. ಕೊನೆಗೆ ಅದು ಇನ್ನೊಂದು ಕಾಲನ್ನೂ ಇಳಿಸಿ ನಾಲ್ಕು ಹೆಜ್ಜೆ ಓಡಿದಾಗ, "ಎರಡೂ ಇದೆ, ಎರಡೂ ಇದೆ!" ಎಂದು ಪಿಸುದನಿಯಲ್ಲೇ ಕುಣಿದ. ಚೆಂಡನ್ನು ಎತ್ತಿಕೊಂಡು ಮೂವರೂ ಹಿಂಡನ್ನು ಬಳಸಿ ಗಾಳಿಮರಗಳ ಕಡೆ ಆಡಲು ಹೋದರು.