ಒಂದು ಕಪ್ ಚಹಾದಷ್ಟು ಸಿಸಿ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್ ಇದೆ. ಅದರ ಬಾಗಿಲ ಪಕ್ಕದಲ್ಲಿ ಹಳೆಯ ಅಂಬಾಸಿಡರ್ ಕಾರಿನ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಕಬ್ಬಿಣದ ಒಡಲು, ಮಗ್ಗುಲಾಗಿ ಬಿದ್ದಿದೆ. ಬಂದವರು ಅದರ ಮೇಲೆಯೇ ಕೂತು ಚಹಾ ಕುಡಿಯುತ್ತಾರೆ. ಹೋದ ಮಳೆಗಾಲದಲ್ಲಿ ನಾನೂ ಅಲ್ಲೇ ಕೂತಿದ್ದೆ, ಕಾಲ ಬುಡದಲ್ಲಿ ನಮ್ಮ ಪದ್ಮಿನಿಯ ಬ್ಲಾಕ್ ಇಟ್ಟುಕೊಂಡು.

ಕಾರು ಅಪ್ಪನದು. ಬೋರು, ಅಂದರೆ ಸಿಲಿಂಡರಿನ ಒಳಗಿನ ಅಗಲ, 68 ಮಿ.ಮೀ.; ಸ್ಟ್ರೋಕು, ಅಂದರೆ ಪಿಸ್ಟನ್ ಏರಿಳಿಯುವ ದೂರ, 75; ನಾಲ್ಕು ಸಿಲಿಂಡರ್ ಸೇರಿ 1089 ಸಿಸಿ. ವಂಟಮುರಿ ಘಾಟ್ ಬಂತೆಂದರೆ ಐದು ಜನ ಕೂತ ಗಾಡಿ ಎರಡನೇ ಗೇರಿಗೆ ಇಳಿಯುತ್ತಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದಾಗೆಲ್ಲ ಅಪ್ಪ, "ಹೋಗ್ಲಿ ಬಿಡು, ಅವಂಗ ಅರ್ಜೆಂಟ್ ಇರಬೇಕು" ಅಂತ ಎಡಕ್ಕೆ ಸರಿಯುತ್ತಿದ್ದರು. ನನಗೆ ಮಾತ್ರ ನಾಚಿಕೆ. ಈಗ ಇಂಜಿನ್ ಎಣ್ಣೆ ಕುಡಿದು ಹೊಗೆ ಬಿಡತೊಡಗಿತ್ತು. ಹೇಗೂ ಬೋರಿಂಗ್ ಮಾಡಿಸಲೇಬೇಕು, ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಸಿ ದುಂಡಗೆ ಮಾಡಿಸಬೇಕು. ಹಾಗಿದ್ದ ಮೇಲೆ ಸ್ವಲ್ಪ ದೊಡ್ಡದಾಗಿಯೇ ಮಾಡಿಸಿದರೆ ಆಯ್ತಲ್ವಾ?

ನನ್ನ ಹತ್ತಿರ ಲೆಕ್ಕವೂ ರೆಡಿ ಇತ್ತು. ಪದ್ಮಿನಿಯ ಮೂಲ ಫಿಯಟ್ ಕಾರು. 1957ರಲ್ಲಿ ಆ ಫಿಯಟ್ ಕಂಪನಿಯೇ 1200 ಗ್ರಾನ್‌ಲೂಚೆ ಅನ್ನೋ ಕಾರು ತಂದಿತ್ತು. ಅದರ ಸ್ಟ್ರೋಕೂ 75. ಬೋರು ಮಾತ್ರ 72. ಅಷ್ಟಕ್ಕೇ 1221 ಸಿಸಿ! 132 ಸಿಸಿ ಜಾಸ್ತಿ, ಅಂದರೆ ಹೆಚ್ಚುಕಮ್ಮಿ ಒಂದು ಕಪ್ ಚಹಾ. ಊರಿನ ಒಬ್ಬ ಮೆಕ್ಯಾನಿಕ್ಕೂ "ಆರಾಮ ಆಗತೈತ್ರಿ" ಅಂದಿದ್ದ.

ಶಾಪಿನ ಕಾಕಾ ಮೊದಲು ಫೌಂಡ್ರಿಯಲ್ಲಿ ಇದ್ದವರು. ಆಮೇಲೆ ಬೋರಿಂಗಿಗೆ ಬಂದವರು. ನನ್ನ ಮಾತೆಲ್ಲ ಕೇಳಿ, ಚಹಾ ಮುಗಿಸಿ ಹೇಳಿದರು.

"ತಮ್ಮಾ, ಅವ್ರು 72ಕ್ಕಂತನ ಎರಕ ಹೊಯ್ದಾರ. ನಿಂದು 68ಕ್ಕ ಹೊಯ್ದದ್ದು. ಸ್ಟ್ರೋಕ್ ಒಂದ ಇದ್ರ ಬ್ಲಾಕ್ ಒಂದ ಆಗತೈತೇನು?"

ನಾನು ಮೊಬೈಲ್ ತೆಗೆದು ಅಂಕಿ ತೋರಿಸಲು ಹೋದೆ. "ಅದರಾಗ ಗ್ವಾಡಿ ದಪ್ಪ ಎಷ್ಟೈತಿ ಅಂತ ಬರದಾರೇನು, ನೋಡು" ಅಂದರು. ಬರೆದಿರಲಿಲ್ಲ.

ಬೀಡು ಕಬ್ಬಿಣದ ಬ್ಲಾಕ್ ಹೊಯ್ಯುವಾಗ ಸಿಲಿಂಡರ್ ಸುತ್ತ ನೀರು ಓಡಾಡುವ ಜಾಗಕ್ಕೆ ಮರಳಿನ ಕೋರ್ ಇಟ್ಟಿರುತ್ತಾರೆ. ಕರಗಿದ ಕಬ್ಬಿಣದ ಮುಂದೆ ಮರಳು ಹಗುರ. ಹೊಯ್ದ ಕೂಡಲೇ ಕೋರ್ ತೇಲಲು ನೋಡುತ್ತದೆ. ಎಷ್ಟು ಬಿಗಿಯಾಗಿ ಕೂರಿಸಿದ್ದರೂ ಒಂದಿಷ್ಟು ಜರುಗಿತೆಂದರೆ ಸಿಲಿಂಡರಿನ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಪ್ಯಾಟರ್ನಿನ ಎರಡು ಬ್ಲಾಕ್ ಕೂಡ ಒಂದೇ ಥರ ಇರುವುದಿಲ್ಲ. ಇಷ್ಟೊಂದು ಫೌಂಡ್ರಿ ಇರುವ ಊರಲ್ಲಿ ಹುಟ್ಟಿ ಬೆಳೆದೂ ನನಗೆ ಇದು ಗೊತ್ತಿರಲಿಲ್ಲ ಅನ್ನುವುದೇ ಸೋಜಿಗ.

ಕಾಕಾ ಪಕ್ಕದ ಫೌಂಡ್ರಿಯಿಂದ ಗೋಡೆಯ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ತರಿಸಿದರು. ಬೋರಿನೊಳಗೆ ಜೆಲ್ ಸವರಿ, ಪ್ರೋಬ್ ಒತ್ತಿ, ಒಂದೊಂದು ಸಿಲಿಂಡರಿಗೂ ಮೇಲೆ, ನಡುವೆ, ಕೆಳಗೆ, ನಾಲ್ಕು ದಿಕ್ಕಿನಲ್ಲಿ ಅಳತೆ. ಅವರು ಹೇಳುವುದು, ನಾನು ಸೀಮೆಸುಣ್ಣದಲ್ಲಿ ಬ್ಲಾಕಿನ ಮೇಲೆಯೇ ಬರೆಯುವುದು. ಒಟ್ಟು 48 ಅಂಕಿ. ಮಧ್ಯಾಹ್ನ ಪೂರ್ತಿ ಹೋಯಿತು. ಮೂರನೇ ಸಿಲಿಂಡರಿನಲ್ಲಿ ಒಂದು ಕಡೆ 5.8, ಎದುರು ಕಡೆ 3.9. ಅದೂ ತೆಳ್ಳಗಿದ್ದದ್ದು ಪಿಸ್ಟನ್ ಒತ್ತಿಕೊಂಡು ಇಳಿಯುವ ಮಗ್ಗುಲಲ್ಲೇ. ಹಿಂದೊಮ್ಮೆ ಯಾರೋ ರಿಬೋರ್ ಮಾಡಿ ಬೋರು ಆಗಲೇ 68.6 ಆಗಿತ್ತು. 72 ಮಾಡಿದರೆ ಆ ಜಾಗದಲ್ಲಿ ಉಳಿಯುವುದು 2.2 ಮಿ.ಮೀ. ಅಷ್ಟು ತೆಳ್ಳಗಾದ ಗೋಡೆ ಬಿಸಿಗೆ ಸೊಟ್ಟಗಾಗಿ ಪಿಸ್ಟನ್ನಿನ ರಿಂಗ್ ಸರಿಯಾಗಿ ಕೂರುವುದಿಲ್ಲ. ಅದೃಷ್ಟ ಕೆಟ್ಟರೆ ಬಿರುಕೇ.

"ಲೈನರ್ ಹಾಕಿದ್ರ, ಕಾಕಾ?" ಅಂದೆ. ಬೋರಿನೊಳಗೆ ಕೂರಿಸುವ ಕೊಳವೆ ಅದು.

"ಲೈನರ್ ಕೂಡ್ಸಾಕ ಇನ್ನೂ ಜಾಸ್ತಿ ಕೊರೀಬೇಕಲ್ಲೋ!"

ಹಾಗಾದರೆ ಸ್ಟ್ರೋಕ್? ಪಿಸ್ಟನ್ನಿನ ರಾಡು ಕೂರುವ ಕ್ರ್ಯಾಂಕಿನ ಪಿನ್ನನ್ನು ಕೇಂದ್ರ ತಪ್ಪಿಸಿ ಗ್ರೈಂಡ್ ಮಾಡಿದರೆ ಸ್ಟ್ರೋಕ್ ಹೆಚ್ಚುತ್ತದೆ ಅಂತ ಓದಿದ್ದೆ. ಕಾಕಾ ಅಲ್ಲಗಳೆಯಲಿಲ್ಲ, ಲೆಕ್ಕ ಮಾಡು ಅಂದರು. ಪಿನ್ನಿನ ದಪ್ಪ ಒಂದು ಮಿ.ಮೀ. ಇಳಿಸಿದರೆ ಅದರ ಕೇಂದ್ರ ಸರಿಯುವುದು ಅರ್ಧ, ಸ್ಟ್ರೋಕ್ ಹೆಚ್ಚುವುದು ಒಂದು. ಬೋರು 69 ಅಂತ ಇಟ್ಟುಕೊಂಡರೂ ಸಿಗುವುದು ಬರೀ 15 ಸಿಸಿ. ಪಿಸ್ಟನ್ ಅರ್ಧ ಮಿ.ಮೀ. ಮೇಲೆ ಬರುತ್ತದೆ, ಅದಕ್ಕೆ ಇನ್ನೊಂದು ಕೆಲಸ. ಕ್ರ್ಯಾಂಕೂ ಸಣಕಲು. ನಾನು ಸುಮ್ನೆ ಕ್ಯಾಲ್ಕುಲೇಟರ್ ಬಂದ್ ಮಾಡಿದೆ.

ಆಗ ಅವರು ನಾನು ಕೂತಿದ್ದ ಅಂಬಾಸಿಡರ್ ಬ್ಲಾಕ್ ತೋರಿಸಿದರು. ಎರಡನೇ ಬೋರಿನಲ್ಲಿ ಹುಣಸೆಬೀಜದಷ್ಟು ತೂತು. "ಇದು ನಂದ ಕೈಕೆಲಸ" ಅಂದರು.

ಅಂಬಾಸಿಡರಿನಲ್ಲಿದ್ದ ಬಿಎಂಸಿ ಕಂಪನಿಯ ಬಿ ಸೀರೀಸ್ ಇಂಜಿನ್ನಿನ ಬೋರು 73 ಚಿಲ್ಲರೆ, 1489 ಸಿಸಿ. ಬ್ರಿಟನ್ನಿನಲ್ಲಿ ಇದೇ ಇಂಜಿನ್ ಸ್ಟ್ರೋಕ್ ಬದಲಿಸದೆ, 88.9ರಲ್ಲೇ, ಬೆಳೆಯುತ್ತಾ ಹೋಯಿತು. 76.2 ಬೋರಿಗೆ 1622 ಸಿಸಿ. 80.26 ಬೋರಿಗೆ 1798, ಅದು 1962ರ ಎಂಜಿಬಿ ಅನ್ನೋ ಕಾರಿಗೆ ಬಂತು. ಕಾಕಾ ಹರೆಯದಲ್ಲಿ ಈ ಅಂಕಿಗಳನ್ನೇ ನಂಬಿ ಗಿರಾಕಿಯೊಬ್ಬರ ಬ್ಲಾಕನ್ನು 80ಕ್ಕೆ ಒಯ್ಯಲು ಹೊರಟಿದ್ದರಂತೆ. ಟೂಲ್ ನೀರಿನ ಸಂದಿಗೆ ಹೊಕ್ಕಿತು. ಎಂಜಿಬಿಯ ಬ್ಲಾಕಿನಲ್ಲಿ ಅಕ್ಕಪಕ್ಕದ ಸಿಲಿಂಡರ್ ಗೋಡೆಗಳನ್ನು ಕೂಡಿಸಿಯೇ ಎರಕ ಹೊಯ್ದಿದ್ದಾರೆ ಅಂತ ಗೊತ್ತಾಗಿದ್ದು ಆಮೇಲೆ. ಗಿರಾಕಿಗೆ ಬೇರೆ ಬ್ಲಾಕ್ ಕೊಡಿಸಿ, ಇದನ್ನು ಬಾಗಿಲಲ್ಲಿ ಇಟ್ಟುಕೊಂಡರು. "ಬಂದವ್ರು ಕೂಡ್ತಾರ, ನನಗ ದಿನಾ ಕಾಣತೈತಿ."

ಕಡೆಗೆ 69ಕ್ಕೆ ಒಪ್ಪಿಕೊಂಡೆ. ಒಂದು ಮಿ.ಮೀ. ಓವರ್‌ಸೈಜ್ ಪಿಸ್ಟನ್ ಸೆಟ್ ಹುಡುಕಿ ತಂದೆ. ಮೊದಲು ಪಿಸ್ಟನ್ ಅಳೆದು, ಆಮೇಲೇ ಬೋರಿಂಗ್ ಮಾಡಿದರು. ಹೋನಿಂಗ್, ಅಂದರೆ ಕಲ್ಲಿನಿಂದ ಉಜ್ಜುವುದು, ಮುಗಿದ ಮೇಲೆ ಗೋಡೆಯ ಮೇಲೆ ಚಾಪೆ ಹೆಣೆದಂಥ ಅಡ್ಡಗೆರೆಗಳು. ಎಣ್ಣೆ ನಿಲ್ಲುವುದು ಅದರಲ್ಲೇ. ಈಗ 1122 ಸಿಸಿ. ಮೊದಲೇ 1109 ಆಗಿದ್ದ ಇಂಜಿನ್ ಆದ್ದರಿಂದ ನನಗೆ ನಿಜವಾಗಿ ದಕ್ಕಿದ್ದು 13. ಕೆಮ್ಮಿನ ಔಷಧದ ಮುಚ್ಚಳಕ್ಕಿಂತ ಚೂರು ಜಾಸ್ತಿ.

ಆದರೂ ಗಾಡಿ ಬೇರೆಯೇ ಆಗಿತ್ತು. ಹೊಸ ರಿಂಗು, ದುಂಡಗಾದ ಬೋರು, ಸೋರದ ಕಂಪ್ರೆಷನ್. ಅದು ಸಿಸಿಯಿಂದ ಬಂದ ಬಲ ಅಲ್ಲ ಅಂತ ನನಗೆ ಗೊತ್ತು. ಅಪ್ಪನಿಗೆ ನಾನು ಅದನ್ನು ಹೇಳಲಿಲ್ಲ.

ಹೊಸ ರಿಂಗು ಹೊಂದಿಕೊಳ್ಳಲೆಂದು ನಿಧಾನಕ್ಕೆ ಓಡಿಸುವ ರನ್ನಿಂಗ್-ಇನ್ ಮುಗಿದ ಮೇಲೆ ಸಂಕೇಶ್ವರಕ್ಕೆ ಒಂದು ಮದುವೆಗೆ ಹೊರಟೆವು, ಐದೂ ಜನ. ಅಪ್ಪನೇ ಸ್ಟೇರಿಂಗ್ ಹಿಡಿದಿದ್ದರು. ವಂಟಮುರಿಯ ಏರಿನಲ್ಲಿ ಮೂರನೇ ಗೇರಿನಲ್ಲೇ ಗಾಡಿ ಎಳೆಯುತ್ತಿತ್ತು. ನಾನು ಹಿಂದೆ ತಿರುಗಿ ನೋಡಿದೆ, ಲಾರಿ ದೂರದಲ್ಲಿತ್ತು. ಅರ್ಧ ಏರಿದ ಮೇಲೆ ಅಪ್ಪ ತಾವಾಗಿಯೇ ಎರಡನೇ ಗೇರಿಗೆ ಹಾಕಿ, ಎಡಕ್ಕೆ ಸರಿದು, ಕಿಟಕಿಯಿಂದ ಕೈ ಹೊರಗೆ ಚಾಚಿ ಲಾರಿಯವನಿಗೆ ಹೋಗು ಅಂತ ಸನ್ನೆ ಮಾಡಿದರು.